ರಾಧಾಮಣಿ ಮುಂದೆ, ಊರು ಹಿಂದೆ

ಹುಣಸೇದೊಡ್ಡಿಯ ಹೆಂಗಸರು ಹಾಲು ಹಾಕುವಾಗ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟ ಚರಿತ್ರೆಯೇ ಇರಲಿಲ್ಲ. ಬೆಳಿಗ್ಗೆ ಡೇರಿಯ ಬಾಗಿಲು ತೆಗೆಯುವ ಮೊದಲೇ ಜಗಲಿಯ ಮೇಲೆ ಕ್ಯಾನುಗಳ ಸಾಲು ಬೆಳೆದಿರುತ್ತಿತ್ತು. ಹಸು ಇನ್ನೂ ಕರೆದಾಗಿಲ್ಲ ಎನ್ನುವವರು ಒಂದು ಕಲ್ಲನ್ನೋ ಒಂಟಿ ಚಪ್ಪಲಿಯನ್ನೋ ಇಟ್ಟು ಜಾಗ ಹಿಡಿದು ಹೋಗುತ್ತಿದ್ದರು. ಆ ಕಲ್ಲನ್ನು ಯಾರಾದರೂ ಸರಿಸಿದರೆ ಸರಿಸಿದವರ ಮೂರು ತಲೆಮಾರಿನ ಸಂಗತಿ ಸಾತನೂರು ಬಸ್ಸಿನವರಿಗೂ ಕೇಳುವಂತೆ ಹೊರಗೆ ಬರುತ್ತಿತ್ತು. ಅಂಥ ಊರಿನಲ್ಲಿ ಒಂದು ಬೆಳಿಗ್ಗೆ "ನೀನೇ ಮೊದ್ಲು ಹಾಕವ್ವ", "ಇಲ್ಲ ಕಣಕ್ಕ, ದೊಡ್ಡೋರು ನೀವು ಹಾಕಿ" ಎಂದು ಉಪಚಾರ ಶುರುವಾದರೆ ಬುದ್ಧಿ ಇರುವವರಿಗೆ ದಿಗಿಲಾಗಬೇಕು. ಭಾನುಪ್ರಿಯಳಿಗೆ ಬುದ್ಧಿ ಬೇಕಾದಷ್ಟಿತ್ತು, ಆದರೆ ಆ ದಿನಗಳಲ್ಲಿ ಅವಳ ಕಾಲು ನೆಲದ ಮೇಲಿರಲಿಲ್ಲ.

ಭಾನುಪ್ರಿಯ ಅಲ್ಲಿನ ಮಹಿಳಾ ಹಾಲು ಸಂಘದ ಕಂಪ್ಯೂಟರ್ ಆಪರೇಟರು. ಕನಕಪುರದಲ್ಲಿ ಬಿಸಿಎ ಮುಗಿಸಿ, ಕೆಂಪರಾಜುವಿನ ಕೈ ಹಿಡಿದು ಹುಣಸೇದೊಡ್ಡಿಗೆ ಸೊಸೆಯಾಗಿ ಬಂದವಳು. ಗಂಡ ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಳುಗಿರುತ್ತಿದ್ದ. ಅತ್ತೆ ಚಿಕ್ಕಲಕ್ಷ್ಮಮ್ಮ ಹಸುವಿನಲ್ಲಿ ಮುಳುಗಿರುತ್ತಿದ್ದಳು. ಮಾವ ಕೆಂಪಯ್ಯ ಯಾವುದರಲ್ಲೂ ಮುಳುಗದೆ ಎಲ್ಲದರ ದಡದಲ್ಲಿ ಕೂತು ಬುದ್ಧಿ ಹೇಳುತ್ತಿದ್ದ. ಹೀಗಿರುವ ಮನೆಯಲ್ಲಿ ಸೊಸೆ ಕಂಪ್ಯೂಟರಿನಲ್ಲಿ ಮುಳುಗಿದರೆ ಯಾರೂ ಬೇಡ ಎನ್ನುವಂತಿರಲಿಲ್ಲ.

ಸಂಘದಲ್ಲಿ ಹಾಲಿನ ಫ್ಯಾಟು ನೋಡುವ ಒಂದು ಹಳೇ ಯಂತ್ರವಿತ್ತು. ಯಂತ್ರ ಕಲ್ಲುಗುಂಡಿನಂತಿತ್ತು, ಆದರೆ ಅದಕ್ಕೆ ಕಟ್ಟಿದ್ದ ಪರದೆ ಒಂದು ಸಂಜೆ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಅಂಥ ಪರದೆ ಈಗ ಗುಜರಿಯಲ್ಲೂ ಸಿಗುವುದಿಲ್ಲ. ಸುದ್ದಿ ತಿಳಿದ ಮಾರನೆಯ ದಿನವೇ ಡೇರಿ ಯಂತ್ರಗಳನ್ನು ಮಾರುವ ವೀರೇಂದ್ರ ಎಂಬ ಏಜೆಂಟು ರಾಮನಗರದಿಂದ ಬೈಕಿನಲ್ಲಿ ಬಂದಿಳಿದ. ಅವನ ಹತ್ತಿರ ಬೀಗಮುದ್ರೆ ಹಾಕಿದ ಹೊಸ ಡಬ್ಬ ಇತ್ತು. ಹಾಲು ಸುರಿದರೆ ಸಾಕು, ಅದೇ ಅಳೆದು, ಅದೇ ಪರೀಕ್ಷೆ ಮಾಡಿ, ಅದೇ ಬಾಯಿಬಿಟ್ಟು ಹೇಳುತ್ತದೆ. "ಆಪರೇಟರೇ ಬೇಕಾಗಿಲ್ಲ ಮೇಡಂ" ಎಂದು ಅವನು ಅಧ್ಯಕ್ಷೆ ಗಿರಿಜಾಂಬ ಅವರಿಗೆ ಹೇಳುವಾಗ ಆಪರೇಟರು ಅಲ್ಲೇ ಪಕ್ಕದಲ್ಲಿ ನಿಂತು ಅವನಿಗೆ ಕಾಫಿ ಲೋಟ ಕೊಡುತ್ತಿದ್ದಳು.

ಲೋಟ ಕೊಟ್ಟು ಭಾನುಪ್ರಿಯ ಹೇಳಿದಳು, "ಅಮ್ಮಾವ್ರೇ, ಯಂತ್ರ ಸರಿಯಾಗೇ ಐತೆ. ಸತ್ತಿರೋದು ಪರದೆ ಒಂದೇ. ನನ್ನ ಲ್ಯಾಪ್‌ಟಾಪಿಗೆ ಆ ಪರದೆ ವೇಷ ಹಾಕಿಸ್ತೀನಿ. ಯಂತ್ರಕ್ಕೆ ಗೊತ್ತಾಗಾಕಿಲ್ಲ."

ಗಿರಿಜಾಂಬ ಊರಿನ ದಿನಸಿ ಅಂಗಡಿ ನಡೆಸುವವರು, ಯಾವ ಮಾತನ್ನೂ ತಕ್ಕಡಿಗೆ ಹಾಕದೆ ಕೊಳ್ಳುವವರಲ್ಲ. ಹಣೆಯ ವಿಭೂತಿಯ ಕೆಳಗೆ ಹುಬ್ಬು ಗಂಟಿಕ್ಕಿ, "ಮಹಾಸಭೆವರೆಗೆ ಟೈಮ್ ಕೊಡ್ತೀನಿ ಭಾನು. ಅವತ್ತು ಸದಸ್ಯರು ಕೈ ಎತ್ತಿ ನಿನ್ನ ಪರದೆ ಬೇಕು ಅಂದ್ರೆ ಅದೇ ಇರ್ಲಿ. ಇಲ್ಲಾಂದ್ರೆ ವೀರೇಂದ್ರನ ಡಬ್ಬ ಬರ್ಲಿ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬಾರ್ದು" ಎಂದರು. ಡಬ್ಬ ಬಂದರೆ ತಾನು ಮನೆಗೆ ಎಂಬುದು ಭಾನುಪ್ರಿಯಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಕೆಲಸ ಅವಳಿಗೆ ಪ್ರಾಣ.

ಹಳೇ ಪರದೆಯ ವೇಷ ಹಾಕುವ ಇಂಥ ಪ್ರೋಗ್ರಾಮಿಗೆ ಬಲ್ಲವರು ಟರ್ಮಿನಲ್ ಎಮ್ಯುಲೇಟರ್ ಎನ್ನುತ್ತಾರೆ. ಊರು ಅದನ್ನು ಭಾನು ಟಿವಿ ಎಂದಿತು, ಯಾಕೆಂದರೆ ಅವಳು ಅದನ್ನು ಲ್ಯಾಪ್‌ಟಾಪಿನಿಂದ ಗೋಡೆಯ ದೊಡ್ಡ ಟಿವಿಗೆ ಕೊಟ್ಟು, ಟಿವಿಯನ್ನು ಹಾಲಿನ ಸಾಲಿನ ಕಡೆಗೆ ತಿರುಗಿಸಿದ್ದಳು. ಹಳೇ ಪರದೆ ಆಪರೇಟರಿಗೆ ಮಾತ್ರ ಮುಖ ಕೊಡುತ್ತಿತ್ತು, ಅದೂ ಮುಪ್ಪಿನಲ್ಲಿ ಮಂಜುಮಂಜಾಗಿ. ಈಗ ಯಂತ್ರ ಕೊಟ್ಟ ಅಂಕಿ ಊರಿಗೆಲ್ಲ ಕಾಣುತ್ತಿತ್ತು. ಇಂಗ್ಲಿಷಿನಲ್ಲಿ ಬರುತ್ತಿದ್ದ ಹೆಸರುಗಳನ್ನು ಸದಸ್ಯರ ನಂಬರು ಹಿಡಿದು ಕನ್ನಡಕ್ಕೆ ತಿರುಗಿಸಿದಳು. ತಮ್ಮ ಹೆಸರನ್ನು ಲಗ್ನಪತ್ರಿಕೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಅಚ್ಚಿನಲ್ಲಿ ನೋಡದಿದ್ದ ಹೆಂಗಸರು ಹಾಲು ಹಾಕಿದ ಮೇಲೂ ಹೋಗದೆ ನಿಂತರು.

ಆದರೆ ಹೆಸರಿನ ಜೊತೆಗೆ ಕರೆಯದ ನೆಂಟರ ಹಾಗೆ ಇನ್ನೇನೋ ಬರುತ್ತಿತ್ತು. ಕೆಲವರ ಹೆಸರಿನ ಮುಂದೆ ಒಂದು ಚೌಕದ ಕಂಸ, ಒಂದು ಅಂಕಿ, ಒಂದು ಇಂಗ್ಲಿಷ್ ಅಕ್ಷರ. ಮೇಲಿನ ಬೀದಿಯ ಪ್ರತಿಮಾ ಹೊಸದಾಗಿ ಹಸು ಕಟ್ಟಿದ್ದವಳು, ಎಲ್ಲದಕ್ಕೂ ಪ್ರಶ್ನೆ ಕೇಳುವವಳು. ಅವಳು ಕತ್ತು ಓರೆ ಮಾಡಿ ನೋಡಿ, "ಇದೇನಕ್ಕ, ನನ್ನೆಸರ ಪಕ್ಕ ಅರ್ಧ ಬಾಗ್ಲು ನಿಲ್ಸ್ಬುಟ್ಟಿದ್ದೀಯ" ಎಂದಳು.

ಅವು ಕಸವಲ್ಲ ಎಂದು ಭಾನುಪ್ರಿಯಳಿಗೆ ಗೊತ್ತಿತ್ತು. ಯಂತ್ರ ಅಕ್ಷರಗಳ ನಡುವೆ ಪರದೆಗೆ ಗುಟ್ಟಾಗಿ ಕೊಡುವ ಅಪ್ಪಣೆಗಳು ಅವು, ಎಸ್ಕೇಪ್ ಕೋಡುಗಳು. ಒಂದು ಎಂದು ಬಂದರೆ ಇಲ್ಲಿಂದ ಅಕ್ಷರ ದಪ್ಪ ಮಾಡು, ಮೂರು ಎಂದರೆ ಓರೆ ಮಾಡು, ನಾಲ್ಕಕ್ಕೆ ಕೆಳಗೆ ಗೆರೆ, ಐದಕ್ಕೆ ಮಿಣುಕು, ಒಂಬತ್ತಕ್ಕೆ ಹೆಸರಿನ ಮೇಲೇ ಅಡ್ಡಗೆರೆ. ಹಳೇ ಪರದೆ ಈ ಅಪ್ಪಣೆಗಳನ್ನು ಸದ್ದಿಲ್ಲದೆ ನುಂಗಿ ಪಾಲಿಸುತ್ತಿತ್ತು. ಅವಳ ಪ್ರೋಗ್ರಾಮಿಗೆ ಇನ್ನೂ ಆ ಮರ್ಯಾದೆ ಕಲಿಸಿರಲಿಲ್ಲ, ಹಾಗಾಗಿ ಅದು ಬಂದ ಗುಟ್ಟನ್ನೆಲ್ಲ ಊರ ಮುಂದೆ ಓದಿ ಹೇಳುತ್ತಿತ್ತು.

ಬೆಳಗಿನ ಹಾಲು ಮುಗಿದು ಸಂಜೆಯ ಹಾಲು ಬರುವವರೆಗಿನ ಹೊತ್ತು ಅವಳದೇ. ಹಾಲಿನ ತಂಪು ತೊಟ್ಟಿ ಗುಂಯ್ ಎನ್ನುತ್ತಿರುವಾಗ, ನೊಣ ಓಡಿಸುತ್ತ, ಒಂದೊಂದೇ ಅಪ್ಪಣೆಯನ್ನು ಪ್ರೋಗ್ರಾಮಿಗೆ ಕಲಿಸಿದಳು. ಒಂದು ಸಲಕ್ಕೆ ಒಂದೇ ಹೆಸರು ಹಾಕಿ ನೋಡುವುದು, ಸರಿಯಾಯಿತೆಂದರೆ ಮುಚ್ಚಿ ಇನ್ನೊಂದು. ಕೆಂಪರಾಜು ಓರೆಯಾಗಿ, ಗಾಳಿಗೆ ಬಾಗಿದ ಕಬ್ಬಿನ ಹಾಗೆ ನಿಂತ. ಅತ್ತೆಯ ಹೆಸರಿಗೆ ಕೆಳಗೆ ಗೆರೆ ಎಳೆದಾಗ ಒತ್ತಕ್ಷರಗಳ ಬಾಲ ಗೆರೆಗೆ ಸಿಕ್ಕಿ ಕತ್ತರಿಸಿದವು, ಗೆರೆಯನ್ನು ಒಸಿ ಕೆಳಗೆ ಇಳಿಸಿದಳು. ಅಕ್ಷರ ಮಿಣುಕಿದ ಮೊದಲ ಸಲ ಅವಳಿಗೆ ತಡೆಯಲಾರದಷ್ಟು ಸಂತೋಷವಾಗಿ, ಖಾಲಿ ಕ್ಯಾನುಗಳ ನಡುವೆ ಒಬ್ಬಳೇ ಕೈತಟ್ಟಿಕೊಂಡು ನಕ್ಕಳು. ತಾನು ಬರೆದ ನಾಲ್ಕು ಸಾಲಿಗೆ ಗೋಡೆಯ ಮೇಲಿನ ಅಕ್ಷರ ಕಣ್ಣು ಹೊಡೆಯುತ್ತದೆ ಎಂದರೆ ಸಣ್ಣ ಮಾತೇ.

ಅಡ್ಡಗೆರೆ ಕಲಿಸುತ್ತಿದ್ದಾಗ ಊಟದ ಡಬ್ಬಿ ತಂದ ಮಾವ ಬಾಗಿಲಲ್ಲೇ ನಿಂತುಬಿಟ್ಟ. ಟಿವಿಯ ಮೇಲೆ 'ಕೆಂಪಯ್ಯ' ಎಂದು ಬರೆದು ಅದರ ಮೇಲೆ ಉದ್ದಕ್ಕೆ ಗೆರೆ ಎಳೆದಿತ್ತು.

"ನಾನಿನ್ನೂ ಬದ್ಕಿವ್ನಿ ಕಣವ್ವ" ಎಂದ ಕೆಂಪಯ್ಯ, ಮುದ್ದೆ ಡಬ್ಬಿಯನ್ನು ಎದೆಗೆ ಅವುಚಿಕೊಂಡು.

"ಅಯ್ಯೋ ಮಾವ, ಅದು ಸುಮ್ನೆ ನೋಡಕ್ಕೆ" ಎಂದು ಅವಳು ನಾಲಗೆ ಕಚ್ಚಿಕೊಂಡು ಗೆರೆ ತೆಗೆದಳು.

"ಬೇರೆ ಯಾರ್ದಾದ್ರೂ ಹೆಸ್ರಲ್ಲಿ ನೋಡು. ಆ ಏಜೆಂಟು ಇಲ್ವಾ" ಎಂದು ಮಾವ ಬುದ್ಧಿ ಹೇಳಿದ.

ಅಪ್ಪಣೆಗಳಲ್ಲಿ ಸೊನ್ನೆ ಎಂಬುದೂ ಒಂದಿತ್ತು. ಸೊನ್ನೆ ಎಂದರೆ ಏನೂ ಇಲ್ಲ, ಅದು ಬಂದರೆ ಏನೂ ಮಾಡಬೇಡ ಎಂದು ಬರೆದು ಭಾನುಪ್ರಿಯ ಮುಂದಕ್ಕೆ ಹೋದಳು. ಆ ಸೊನ್ನೆಯನ್ನು ನಾವಾದರೂ ನೆನಪಿಟ್ಟುಕೊಳ್ಳೋಣ, ಅವಳು ಆ ಗಳಿಗೆಯಲ್ಲೇ ಮರೆತಳು.

ಮಾರನೆಯ ಬೆಳಿಗ್ಗೆ ಅರ್ಧ ಬಾಗಿಲುಗಳೆಲ್ಲ ಮಾಯವಾಗಿ ಪರದೆ ತೊಳೆದ ಅಂಗಳದಂತಿತ್ತು. ಸಾಲಿನಲ್ಲಿ ಮೊದಲ ಕೆಲವರ ಹೆಸರು ಎಂದಿನಂತೆ ಬಂತು. ಆಮೇಲೆ ರಾಧಾಮಣಿ ಬಂದಳು. ರಾಧಾಮಣಿ ಊರಿನಲ್ಲಿ ಎಮ್ಮೆ ಕಟ್ಟಿದ್ದ ಒಬ್ಬಳೇ ಹೆಂಗಸು. ಉಳಿದವರೆಲ್ಲ ಸೀಮೆ ಹಸು ಕಟ್ಟಿ ಲೀಟರು ಎಣಿಸುವಾಗ ಇವಳು ಅಜ್ಜಿಯ ಕಾಲದ ಹಟ ಬಿಡದೆ ಎಮ್ಮೆಯನ್ನೇ ಸಾಕಿದ್ದಳು, ಅದಕ್ಕಾಗಿ ಬೇಕಾದಷ್ಟು ಹಾಸ್ಯ ಮಾಡಿಸಿಕೊಂಡಿದ್ದಳು. ಎಮ್ಮೆಯ ಹಾಲಿಗೆ ಫ್ಯಾಟು ಜಾಸ್ತಿ. ಫ್ಯಾಟು ಒಂದು ಮಟ್ಟ ದಾಟಿದರೆ ದಪ್ಪ ಅಕ್ಷರದಲ್ಲಿ ತೋರಿಸು ಎಂದು ಯಂತ್ರ ಅಪ್ಪಣೆ ಕೊಡುತ್ತದೆ. ಅಪ್ಪಣೆ ಹೊರಟಿತು, ಭಾನು ಟಿವಿ ಪಾಲಿಸಿತು, 'ರಾಧಾಮಣಿ' ಎಂಬ ನಾಲ್ಕಕ್ಷರ ಉಬ್ಬಿಕೊಂಡು ಕಪ್ಪಗೆ ದಪ್ಪಗೆ ಗೋಡೆಯ ಮೇಲೆ ಕೂತವು.

ಸಾಲಿನ ಕತ್ತುಗಳೆಲ್ಲ ಗೋಡೆಯ ಕಡೆ ತಿರುಗಿದವು. "ಹಾಲು ಗಟ್ಟಿ ಇದ್ರೆ ಹೆಸ್ರೂ ಗಟ್ಟಿ ಬತ್ತದೆ" ಎಂದು ಭಾನುಪ್ರಿಯ ವಿವರಿಸಿದಳು. ರಾಧಾಮಣಿ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಎಮ್ಮೆ ಎಂದು ನಕ್ಕಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

ಅವಳ ಹಿಂದೆ ನಿಂತಿದ್ದವಳು ಚಿಕ್ಕಲಕ್ಷ್ಮಮ್ಮ. ಅವಳ ಹಸುವಿನ ಹಾಲು ನೀರಿನ ತಮ್ಮ ಎಂದು ಗಂಡನೇ ಹೇಳುತ್ತಿದ್ದ. ಹಾಲು ಸುರಿದಳು, ಗೋಡೆ ನೋಡಿದಳು. 'ಚಿಕ್ಕಲಕ್ಷ್ಮಮ್ಮ' ಎಂಬ ಹೆಸರು ಒತ್ತಕ್ಷರಗಳ ಸಮೇತ ಊದಿಕೊಂಡು ಟಿವಿಯ ಅರ್ಧ ಅಗಲಕ್ಕೆ ಬಂದಿತ್ತು. ಅವಳ ಹಿಂದಿನವಳದೂ ದಪ್ಪ. ಅವಳ ಹಿಂದಿನವಳದೂ ದಪ್ಪ. ಸಾಲಿನ ಕೊನೆಯವರೆಗೆ ಎಲ್ಲರದೂ ದಪ್ಪ. ಮುಂಗಾರಿನ ಎಳೆ ಹುಲ್ಲು ಮೇದು ಹಸುಗಳೆಲ್ಲ ಗಟ್ಟಿ ಹಾಲು ಕೊಟ್ಟಿರಬೇಕು ಎಂದುಕೊಂಡಳು ಭಾನುಪ್ರಿಯ. ಪಕ್ಕದ ಅಂಕಿಗಳನ್ನು ನೋಡಿದ್ದರೆ ಅವು ನಿನ್ನೆಯಷ್ಟೇ ಇದ್ದವು, ಬಟವಾಡೆಯೂ ಅಂಕಿಯ ಪ್ರಕಾರವೇ. ಆದರೆ ದಪ್ಪ ಅಕ್ಷರದ ಪಕ್ಕದಲ್ಲಿರುವ ಸಣ್ಣ ಅಂಕಿಯನ್ನು ಮದುವೆಮನೆಯಲ್ಲಿ ಬಡನೆಂಟನನ್ನು ನೋಡಿದಷ್ಟೇ ಜನ ನೋಡಿದರು.

ಊರು ದಡ್ಡ ಅಲ್ಲ. ಕೆಲವೇ ದಿನಗಳಲ್ಲಿ ಅದು ಒಂದು ಸೂತ್ರ ಕಂಡುಹಿಡಿಯಿತು. ರಾಧಾಮಣಿಗಿಂತ ಮೊದಲು ಹಾಕಿದವರ ಹೆಸರು ತೆಳು, ಅವಳಾದ ಮೇಲೆ ಹಾಕಿದವರ ಹೆಸರು ದಪ್ಪ. ಕಾರಣ? ಯಂತ್ರದ ಸಣ್ಣ ಪೈಪಿಗೆ ಎಮ್ಮೆ ಹಾಲಿನ ಕೆನೆ ಅಂಟಿಕೊಂಡು ಹಿಂದಿನವರ ಹಾಲಿಗೂ ಅದರ ಗುಣ ಹತ್ತುತ್ತದೆ ಎಂದು ಒಂದು ಪಕ್ಷ. ಅದೆಲ್ಲ ಅಲ್ಲ, ರಾಧಾಮಣಿಯ ಕೈಗುಣ ಎಂದು ಇನ್ನೊಂದು ಪಕ್ಷ. ಎರಡೂ ಪಕ್ಷಕ್ಕೆ ಒಪ್ಪಿಗೆಯಾದ ಮಾತು ಒಂದೇ, ಹಾಕಿದರೆ ರಾಧಾಮಣಿ ಆದ ಮೇಲೇ ಹಾಲು ಹಾಕಬೇಕು.

ಅಲ್ಲಿಂದ ಶುರುವಾದದ್ದು ಆ ಉಪಚಾರ. ಡೇರಿ ಬಾಗಿಲು ತೆಗೆದರೂ ಒಬ್ಬರೂ ಹಾಲು ಸುರಿಯದೆ, ಜಗಲಿಯ ಮೇಲೆ ಎಲೆ ಅಡಿಕೆ ಹಂಚಿಕೊಂಡು ಕೂರುವುದು. ರಾಧಾಮಣಿಯ ಎಮ್ಮೆ ಮುಂಗೋಪಿ, ಮನಸ್ಸು ಬಂದಾಗ ಮಾತ್ರ ಸೊರೆಬಿಟ್ಟು ಹಾಲು ಇಳಿಸುವಂಥದು. ಆಗ ಊರೇ ಹೋಗಿ ಎಮ್ಮೆಯ ಮುಂದೆ ಕೈಕಟ್ಟಿ ನಿಲ್ಲುತ್ತಿತ್ತು. ಒಬ್ಬಳು ಹಸಿ ಜೋಳದ ಕಡ್ಡಿ ತಂದರೆ ಇನ್ನೊಬ್ಬಳು ಎಮ್ಮೆಯ ಬೆನ್ನು ತಿಕ್ಕುತ್ತಿದ್ದಳು. ರಾಧಾಮಣಿಗೆ ನುಗ್ಗೆಕಾಯಿ ಬಂತು, ಮಲ್ಲಿಗೆ ಬಂತು, ಬೆಳಗಿನ ಕಾಫಿ ಎರಡು ಮೂರು ಮನೆಯಿಂದ ಬಂತು. ಹಾಲು ತುಂಬಿದ ಕ್ಯಾನನ್ನು ಅವಳು ಈಚೆಗೆ ತಾನೇ ಹೊತ್ತದ್ದನ್ನು ಯಾರೂ ನೋಡಿರಲಿಲ್ಲ. ಅವಳು ಮುಂದೆ ಬರುವುದು, ಸಾಲು ಹಿಂದೆ ಬರುವುದು, ಬೀದಿಯ ನಾಯಿಗಳು ಎದ್ದು ನಿಂತು ನೋಡುವುದು.

ಹತ್ತಿರ ನಿಂತಷ್ಟೂ ಹೆಸರು ಹೆಚ್ಚು ದಪ್ಪ ಎಂದು ಬೇರೆ ಹುಟ್ಟಿಕೊಂಡಿತು. ಹಾಗಾಗಿ ಅವಳ ಬೆನ್ನಿಗೇ ನಿಲ್ಲುವ ಜಾಗಕ್ಕೆ ಪೈಪೋಟಿ. ಅದನ್ನು ಗೆದ್ದವಳು ಚಿಕ್ಕಲಕ್ಷ್ಮಮ್ಮ, ಹೇಗೆ ಎಂದು ಕೇಳಬಾರದು. ದಪ್ಪಗಿನ ತನ್ನ ಹೆಸರನ್ನು ಮಗನ ಮೊಬೈಲಿನಲ್ಲಿ ಫೋಟೊ ಹಿಡಿಸಿ ಕೂಟಗಲ್ಲಿನಲ್ಲಿರುವ ತಂಗಿಗೆ ಕಳಿಸಿದಳು. ತಂಗಿಯ ಮನೆಯಲ್ಲಿ ಎರಡು ಜೋಡಿ ಹಸು, ಹಾಲಿನ ವಿಷಯ ಬಂದಾಗಲೆಲ್ಲ ಅಕ್ಕನನ್ನು ಒಂದು ಮಾತು ಚುಚ್ಚದೆ ಬಿಟ್ಟವಳಲ್ಲ. ಫೋಟೊ ನೋಡಿ ಅವಳು ನಂಬಲಿಲ್ಲ. "ಮಹಾಸಭೆ ದಿನ ಬೆಳಿಗ್ಗೆನೇ ಬಾ, ಕಣ್ಣಾರೆ ನೋಡ್ಕಂಡ್ ಹೋಗು" ಎಂದು ಚಿಕ್ಕಲಕ್ಷ್ಮಮ್ಮ ಫೋನಿನಲ್ಲಿ ಹೇಳುವಾಗ ದನಿ ಕುಣಿಯುತ್ತಿತ್ತು.

ಊರೆಲ್ಲ ಭಾನು ಟಿವಿ ಎಂದರೆ ಪ್ರಾಣ ಬಿಡುತ್ತಿತ್ತು. ವೀರೇಂದ್ರ ಒಮ್ಮೆ ಬಂದು ತನ್ನ ಡಬ್ಬದ ಗುಣಗಾನ ಮಾಡಿದಾಗ ಹೆಂಗಸರು "ಅದ್ರಾಗೆ ಹೆಸ್ರು ದಪ್ಪ ಬತ್ತದಾ" ಎಂದು ಕೇಳಿ ಕಳಿಸಿದರು. ಗೆದ್ದೆ ಎಂದುಕೊಂಡಳು ಭಾನುಪ್ರಿಯ. ಅಡುಗೆಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಮನೆಯವರು ಏನೂ ಅನ್ನದೆ ಉಂಡರು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಪ್ರತಿಮಾ ಹಾಲು ಹಾಕಿ, ತನ್ನ ದಪ್ಪ ಹೆಸರನ್ನು ಕಣ್ತುಂಬ ನೋಡಿ, ಭಾನುಪ್ರಿಯಳ ಮೇಜಿಗೆ ಒರಗಿಕೊಂಡು ಗುಟ್ಟು ಹೇಳುವವಳಂತೆ ಹೇಳಿದಳು, "ಅಕ್ಕ, ನಾನು ಹಿಂಡಿ ಹಾಕೋದು ನಿಲ್ಸ್ಬುಟ್ಟೆ. ಹಿಂಡಿ ಇಲ್ದೆನೇ ಇಷ್ಟು ದಪ್ಪ ಬತ್ತೈತಲ್ಲ, ಇನ್ಯಾಕೆ. ಬರೀ ಹುಲ್ಲು ಹಾಕ್ತಿವ್ನಿ."

ಭಾನುಪ್ರಿಯಳ ನಗು ಅಲ್ಲೇ ನಿಂತಿತು. ಅವಳು ಮೊದಲ ಬಾರಿಗೆ ಹೆಸರು ಬಿಟ್ಟು ಪಕ್ಕದ ಅಂಕಿ ನೋಡಿದಳು. ಪ್ರತಿಮಾಳ ಹಾಲಿನ ಫ್ಯಾಟು ದಿನದಿಂದ ದಿನಕ್ಕೆ ಇಳಿದು ಸಾಲಿನಲ್ಲೇ ಎಲ್ಲರಿಗಿಂತ ಕಡಿಮೆಯಾಗಿತ್ತು, ಹೆಸರು ಮಾತ್ರ ಬಯಲಾಟದ ರಾಜನ ಹಾಗೆ ಕೂತಿತ್ತು. ಬಾಯಿಲ್ಲದ ಆ ಹಸು ತನ್ನ ಟಿವಿಯ ದೆಸೆಯಿಂದ ಅರೆಹೊಟ್ಟೆಯಲ್ಲಿ ನಿಂತಿತ್ತು.

ಮಧ್ಯಾಹ್ನ ಪ್ರೋಗ್ರಾಮು ತೆರೆದು ಸಾಲು ಸಾಲಾಗಿ ಓದಿದಳು. ಸೊನ್ನೆ ಸಿಕ್ಕಿತು. ಯಂತ್ರ ಪ್ರಾಮಾಣಿಕವಾಗಿ ರಾಧಾಮಣಿಯ ಹೆಸರಿಗೆ ದಪ್ಪ ಮಾಡು ಎಂದು ಹೇಳುತ್ತಿತ್ತು, ಹೆಸರು ಮುಗಿದ ಕೂಡಲೇ ಸೊನ್ನೆ ಕಳಿಸುತ್ತಿತ್ತು. ಸೊನ್ನೆ ಎಂದರೆ ಏನೂ ಇಲ್ಲ ಎಂದಲ್ಲ. ಸಾಕು, ಇನ್ನು ಎಂದಿನಂತೆ ಬರೆ ಎಂದು. ಅದನ್ನು ಕಿವಿಗೆ ಹಾಕಿಕೊಳ್ಳಬೇಡ ಎಂದು ಕಲಿಸಿದವಳು ಇವಳೇ. ಹಾಗಾಗಿ ಒಮ್ಮೆ ದಪ್ಪವಾದ ಅಕ್ಷರ, ಪ್ರೋಗ್ರಾಮು ಮುಚ್ಚಿ ತೆರೆಯುವವರೆಗೆ ಇಳಿಯುವ ದಾರಿ ಕಾಣದೆ, ಊರಿಗೆಲ್ಲ ಹಂಚಿಕೊಂಡು ಹೋಗಿತ್ತು. ಮೊದಲು ಅವಳಿಗೆ ನಗು ಬಂತು. ಎಮ್ಮೆಗೆ ಸಂದ ಜೋಳದ ಕಡ್ಡಿ, ಪೈಪಿನ ಕೆನೆ, ಕೈಗುಣ ಎಲ್ಲ ನೆನಪಾಗಿ ಮೇಜಿನ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ನಾಳೆ ಮಹಾಸಭೆ ಎಂಬುದು ನೆನಪಾಯಿತು.

ಸರಿಪಡಿಸಲು ಒಂದು ಸಾಲು ಸಾಕು. ಸರಿಪಡಿಸಿದರೆ ನಾಳೆ ಬೆಳಿಗ್ಗೆ ಇಡೀ ಊರಿನ ಹೆಸರು ತೆಳ್ಳಗಾಗುತ್ತದೆ, ಮಧ್ಯಾಹ್ನ ಅದೇ ಊರು ಕೈ ಎತ್ತಬೇಕು. ಸರಿಪಡಿಸದಿದ್ದರೆ ಕೆಲಸ ಉಳಿಯುತ್ತದೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮಾವನಿಗೆ ಹೇಳಿದಳು. ಕೆಂಪಯ್ಯ ಬೀಡಿ ಹಚ್ಚಿ, ಎಲ್ಲವನ್ನೂ ಕೇಳಿ, "ಒಂದಿನ ಸುಮ್ಕಿರವ್ವ. ನಾಳೆ ಓಟು ಬೀಳ್ಲಿ. ನಾಳಿದ್ದು ಸರಿ ಮಾಡು. ಯಾರ್ಗೆ ಗೊತ್ತಾದದು" ಎಂದ.

"ನಂಗೆ ಗೊತ್ತಲ್ಲ ಮಾವ."

"ನಿಂಗೆ ಗೊತ್ತಿದ್ರೆ ನೀನೇನ್ ಊರ್ಗೆ ಡಂಗೂರ ಹೊಡ್ಸ್ತೀಯಾ" ಎಂದು ಮಾವ ಹೊಗೆ ಬಿಟ್ಟ. ಆ ಮಾತು ಅವಳಿಗೆ ಹಿತವಾಗಿಯೇ ಇತ್ತು, ಅದೇ ಕಷ್ಟ.

ಸಂಜೆ ಅತ್ತೆ ತಂಗಿ ಬರುತ್ತಾಳೆಂದು ಕಜ್ಜಾಯಕ್ಕೆ ಪಾಕ ಹಿಡಿಯುತ್ತಿದ್ದಳು. ಭಾನುಪ್ರಿಯ ಒಲೆಯ ಪಕ್ಕ ಕೂತು, "ಅತ್ತೆ, ನಾಳೆ ನಿಮ್ಮ ಹೆಸ್ರು ತೆಳ್ಳಗೆ ಬಂದ್ರೂ ಬರ್ಬೋದು" ಎಂದು ಶುರುಮಾಡಿದಳು.

ಚಿಕ್ಕಲಕ್ಷ್ಮಮ್ಮ ತಿರುಗಿಯೂ ನೋಡದೆ ನಕ್ಕಳು. "ನನ್ ಸೊಸೆ ಅಲ್ಲಿ ಕೂತಿರೋವಾಗ ಅದೆಂಗ್ ಬಂದಾದು ಮಗ" ಎಂದಳು. ಅಷ್ಟು ನಂಬಿಕೆಯಿಂದ ಅತ್ತೆ ತನ್ನ ಬಗ್ಗೆ ಎಂದೂ ಮಾತಾಡಿರಲಿಲ್ಲ. ಭಾನುಪ್ರಿಯ ಮುಂದಿನ ಮಾತು ಬಿಟ್ಟು ಒಲೆಗೆ ಸೌದೆ ತಳ್ಳಿದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಡೇರಿಗೆ ಹೋದಳು. ಪ್ರತಿಮಾಳ ಹಸುವನ್ನು ನೆನೆದಳು, ಅತ್ತೆಯ ನಗುವನ್ನು ನೆನೆದಳು, ಎರಡನ್ನೂ ನೆನೆಯಬಾರದು ಎಂದುಕೊಂಡು ಆ ಒಂದು ಸಾಲು ಬರೆದಳು. ಸೊನ್ನೆ ಬಂದರೆ ನಿಲ್ಲಿಸು.

ಮೆರವಣಿಗೆ ಬಂತು. ಮುಂದೆ ರಾಧಾಮಣಿ, ಅವಳ ಬೆನ್ನಿಗೆ ಹೊಸ ಸೀರೆಯುಟ್ಟ ಚಿಕ್ಕಲಕ್ಷ್ಮಮ್ಮ, ಪಕ್ಕದಲ್ಲಿ ಕೂಟಗಲ್ಲಿನ ತಂಗಿ, ಹಿಂದೆ ಊರು. ರಾಧಾಮಣಿ ಹಾಲು ಸುರಿದಳು, ಹೆಸರು ದಪ್ಪಗೆ ಬಂತು. "ನೋಡ್ದಾ, ಈಗ್ ನೋಡು ನಂದ" ಎಂದು ಚಿಕ್ಕಲಕ್ಷ್ಮಮ್ಮ ತಂಗಿಯ ಭುಜ ಹಿಡಿದು ಟಿವಿಯ ಕಡೆ ತಿರುಗಿಸಿದಳು.

ಹೆಸರು ಬಂತು. ಜ್ವರ ಬಿದ್ದು ಎದ್ದವಳ ಹಾಗೆ ತೆಳ್ಳಗೆ ಬಂತು.

ತಂಗಿ ಗೋಡೆ ನೋಡಿದಳು, ಅಕ್ಕನನ್ನು ನೋಡಿದಳು. "ಕನ್ನಡ್ಕ ಮನೇಲೇ ಬುಟ್ಟ್ ಬಂದೆ, ನಂಗೊಸಿ ಸರ್ಯಾಗಿ ಕಾಣಾಕಿಲ್ಲ ಅಕ್ಕ" ಎಂದಳು. ಅವಳಿಗೆ ಕನ್ನಡಕವೇ ಇರಲಿಲ್ಲ. ಚುಚ್ಚಿದ್ದರೂ ಚಿಕ್ಕಲಕ್ಷ್ಮಮ್ಮನಿಗೆ ಅಷ್ಟು ನೋಯುತ್ತಿರಲಿಲ್ಲ. ಅವಳು ಸೊಸೆಯ ಕಡೆ ಒಂದೇ ಸಲ ನೋಡಿ, ಖಾಲಿ ಕ್ಯಾನು ಎತ್ತಿಕೊಂಡು ತಂಗಿಗೆ 'ಬಾ' ಎಂದೂ ಹೇಳದೆ ಹೊರಟಳು. ಹಿಂದಿನವಳದೂ ತೆಳು, ಅವಳ ಹಿಂದಿನವಳದೂ ತೆಳು. ಸಾಲಿನಲ್ಲಿ ಗುಜುಗುಜು ಎದ್ದು ಗದ್ದಲವಾಯಿತು. ಇಷ್ಟು ದಿನ ರಾಧಾಮಣಿಯ ಕ್ಯಾನು ಹೊರುತ್ತಿದ್ದವರು ಅದನ್ನು ಅಲ್ಲೇ ಬಿಟ್ಟು ಹೋದರು.

ಮಧ್ಯಾಹ್ನ ಡೇರಿಯ ಅಂಗಳದಲ್ಲಿ ಶಾಮಿಯಾನದ ಕೆಳಗೆ ಸಭೆ ಸೇರಿತು. ವೀರೇಂದ್ರ ತನ್ನ ಡಬ್ಬಕ್ಕೆ ಹೂವಿನ ಹಾರ ಬೇರೆ ಹಾಕಿಸಿ ತಂದಿದ್ದ. ಬೆಳಗಿನ ಸುದ್ದಿ ಅವನಿಗೆ ತಲುಪಿತ್ತು, ಮುಖದಲ್ಲಿ ಮದುಮಗನ ಕಳೆ ಇತ್ತು. "ನಿನ್ನೆ ಒಂದು, ಇವತ್ತೊಂದು ತೋರಿಸೋ ಟಿವೀನ ನಂಬ್ತೀರಾ ಅಕ್ಕಂದಿರೇ? ನನ್ನ ಡಬ್ಬ ಯಾರ ಮುಖಾನೂ ನೋಡಲ್ಲ" ಎಂದ. ಹೆಂಗಸರು ಹೌದೆಂದು ತಲೆಯಾಡಿಸಿದರು. "ನಾಕು ದಿನ ದಪ್ಪ ಮಾಡಿ ಆಸೆ ತೋರ್ಸಿ ಒಣಗ್ಸ್ಬುಟ್ಲು" ಎಂದು ಯಾರೋ ಅಂದರು. ಸಿಂಹಾಸನ ಕಳೆದುಕೊಂಡ ರಾಧಾಮಣಿ ತಾನೇ ಹೊತ್ತು ತಂದ ಕ್ಯಾನನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ಚಿಕ್ಕಲಕ್ಷ್ಮಮ್ಮ ತಂಗಿಯ ಜೊತೆ ಮುಂದಿನ ಸಾಲಿನಲ್ಲೇ ಇದ್ದಳು, ಬೆಳಗಿನಿಂದ ಸೊಸೆಯ ಜೊತೆ ಮಾತಿಲ್ಲ.

ಗಿರಿಜಾಂಬ ಭಾನುಪ್ರಿಯಳನ್ನು ಕರೆದು, "ಏನಾಯ್ತು ಹೇಳು" ಎಂದರು.

ಅವಳು ಎದ್ದು ಸಭೆಯ ಕಡೆ ತಿರುಗಿದಳು. "ತಪ್ಪು ನಂದೇ. ರಾಧಾಮಣಕ್ಕನ ಎಮ್ಮೆ ಹಾಲು ನಿಜ್ವಾಗ್ಲೂ ಗಟ್ಟಿ. ಅವ್ರ ಹೆಸ್ರು ದಪ್ಪ ಬರೋದು ಸರಿ. ಅವ್ರದು ಆದ್ಮೇಲೆ ನಿಲ್ಸು ಅಂತ ಯಂತ್ರ ಹೇಳ್ತಿತ್ತು. ಅದನ್ನ ಕೇಳಿಸ್ಕೋ ಅಂತ ನಾನು ಪರದೆಗೆ ಹೇಳ್ಕೊಟ್ಟಿರ್ನಿಲ್ಲ. ಅದ್ಕೇ ಎಲ್ರದೂ ದಪ್ಪ ಬಂತು. ಪೈಪಿನ ಕೆನೆ ಅಲ್ಲ, ಕೈಗುಣಾನೂ ಅಲ್ಲ. ನಿಮ್ಮ ಫ್ಯಾಟು ಮೊದ್ಲು ಎಷ್ಟಿತ್ತೋ ಅಷ್ಟೇ ಐತೆ. ನೆನ್ನೆ ಗೊತ್ತಾಯ್ತು, ಇವತ್ತು ಸರಿ ಮಾಡ್ದೆ." ಪ್ರತಿಮಾಳ ಕಡೆ ತಿರುಗಿ, "ಇವತ್ತಿಂದ್ಲೇ ಹಿಂಡಿ ಹಾಕವ್ವ" ಎಂದು ಸೇರಿಸಿ ಕೂತಳು. ಕೂತ ಮೇಲೆ, ಕೆಲಸ ಹೋಯಿತು ಎಂದು ಅವಳಿಗೆ ಖಚಿತವಾಯಿತು. ಎದೆ ಮಾತ್ರ ಹಗುರವಾಗಿತ್ತು.

 ಇಷ್ಟು ದಿನ ಎಮ್ಮೆಯ ಬೆನ್ನು ತಿಕ್ಕಿದವರು ಒಬ್ಬರ ಮುಖ ಒಬ್ಬರು ನೋಡದೆ ಶಾಮಿಯಾನದ ಗೊಂಡೆಗಳನ್ನು ನೋಡಿದರು. ಗಿರಿಜಾಂಬ ಗಂಟಲು ಸರಿಮಾಡಿಕೊಂಡು, "ಸರಿ, ಭಾನು ಪರದೆ ಬೇಕು ಅನ್ನೋರು ಕೈ ಎತ್ತಿ" ಎಂದರು. ಒಂದು ಕೈಯೂ ಏಳಲಿಲ್ಲ. ವೀರೇಂದ್ರ ಡಬ್ಬದ ಹಾರವನ್ನು ಸರಿಮಾಡತೊಡಗಿದ.

ಆಗ ಚಿಕ್ಕಲಕ್ಷ್ಮಮ್ಮ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಹಾಗೆ ಸಿಕ್ಕಿಸಿದರೆ ಮನೆಯಲ್ಲಿ ಕೆಂಪಯ್ಯ ಹಿತ್ತಿಲಿಗೆ ಹೋಗುವ ವಾಡಿಕೆ. ಇಲ್ಲಿ ಹಿತ್ತಿಲಿಲ್ಲದೆ ಅವನು ಕಂಬದ ಹಿಂದೆ ಸರಿದ.

"ನನ್ ತಂಗಿ ಮುಂದೆ ನನ್ ಮಾನ ಕಳದ್ಬುಟ್ಲು" ಎಂದು ಚಿಕ್ಕಲಕ್ಷ್ಮಮ್ಮ ಶುರುಮಾಡಿದಳು. "ಹೊಸ ಸೀರೆ ಉಟ್ಕಂಡ್ ಹೋಗಿದ್ದೆ ಕಣ್ರವ್ವ. ಕಜ್ಜಾಯ ಮಾಡಿದ್ದೆ. ಹೊಟ್ಟೆ ಉರಿದೋಯ್ತು ನಂಗೆ. ಬೆಳಗ್ನಿಂದ ಅದೇ ಕುದೀತಾ ಕೂತಿದ್ದೆ. ಕುದ್ದು ಕುದ್ದು ಈಗೊಂದು ಹೊಳೀತು. ಇವ್ಳು ಇವತ್ತೊಂದಿನ ಸುಮ್ಕಿದ್ದಿದ್ರೆ ನೀವೆಲ್ಲ ಕೈ ಎತ್ತಿರೋರಿ. ಕೆಲ್ಸ ಉಳ್ಕಳ್ಳೋದು, ನನ್ ಮಾನಾನೂ ಉಳ್ಕಳ್ಳೋದು. ಸುಮ್ಕಿರ್ನಿಲ್ಲ ಮುಂಡೇದು. ಸ್ವಂತ ಅತ್ತೆ ಹಾಲು ತೆಳ್ಳಗೈತೆ ಅಂತ ಊರ್ ಮುಂದೆ ಗೋಡೆ ಮೇಲೆ ಬರ್ದೋಳು, ನಿಮ್ ಹಾಲ್ಗೆ ಸುಳ್ಳು ಹೇಳಾಳಾ?"

ಸಭೆಯ ಒಳಗೆ ಏನೋ ಸಡಿಲವಾಯಿತು. ಹಿಂದೆ ಯಾರೋ ಕಿಸಕ್ಕೆಂದರು.

ಚಿಕ್ಕಲಕ್ಷ್ಮಮ್ಮ ಹಾರ ಹಾಕಿಕೊಂಡು ಕೂತ ಡಬ್ಬದ ಕಡೆ ಬೆರಳು ತೋರಿಸಿದಳು. "ಆ ಡಬ್ಬ ಯಾರ್ ಮುಖಾನೂ ನೋಡಾಕಿಲ್ವಂತೆ. ಅದ್ಕೆ ಅತ್ತೆ ಇಲ್ಲ, ಊರಿಲ್ಲ, ಅದ್ಯಾಕೆ ನೋಡೀತು. ಇವ್ಳು ನನ್ ಮುಖ ನೋಡ್ಕಂಡೂ ನಿಜ ಬರದ್ಲು."

ಅಷ್ಟು ಹೇಳಿ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ನಿಂತಳು. ಅವಳ ನಂತರ ಎದ್ದದ್ದು ರಾಧಾಮಣಿಯ ಕೈ, ಅದರ ಹಿಂದೆ ಪ್ರತಿಮಾಳದು, ಆಮೇಲೆ ಶಾಮಿಯಾನದ ಉದ್ದಕ್ಕೆ ಬಳೆಗಳ ಸದ್ದಿನೊಂದಿಗೆ ಕೈಗಳೇ ಕೈಗಳು. ಸದಸ್ಯೆಯೇ ಅಲ್ಲದ ಕೂಟಗಲ್ಲಿನ ತಂಗಿಯೂ ಅಕ್ಕನ ಪಕ್ಕದಲ್ಲಿ ಕೈ ಎತ್ತಿದಳು, ಕಂಬದ ಹಿಂದಿನಿಂದ ಕೆಂಪಯ್ಯನ ಬೀಡಿ ಹಿಡಿದ ಕೈಯೂ ಎದ್ದಿತು. ಗಿರಿಜಾಂಬ ಎಣಿಸಲು ಹೊರಟು, ನಗು ತಡೆಯಲಾರದೆ ಕೈಬಿಟ್ಟರು. ಭಾನುಪ್ರಿಯ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಒಟ್ಟಿಗೇ ಅಳುತ್ತಲೂ ನಗುತ್ತಲೂ ಇದ್ದಳು.

ಚಿಕ್ಕಲಕ್ಷ್ಮಮ್ಮ ಎತ್ತಿದ ಕೈ ಇಳಿಸದೆ ಸೊಸೆಯ ಕಡೆ ಬಗ್ಗಿ, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದಳು, "ಮನೆಗ್ ಬಾ, ನಿಂಗೈತೆ."